ಸವಾರನ ಗೆಲುವೋ, ಯಂತ್ರದ ಗೆಲುವೋ?

“ರಾಮನು ಬಾಣದಿಂದ ರಾವಣನನ್ನು ಕೊಂದನು” ಎಂಬ ವಾಕ್ಯವನ್ನು ಶಾಲೆಯಲ್ಲಿ ವ್ಯಾಕರಣ ಕಲಿತವರೆಲ್ಲ ಒಮ್ಮೆಯಾದರೂ ಬಿಡಿಸಿರುತ್ತಾರೆ. ಇಲ್ಲಿ ರಾಮನು ಕರ್ತೃ. ಬಾಣವು ಕರಣ, ಎಂದರೆ ಸಾಧನ. ಕೊಂದವನು ರಾಮನೆನ್ನುತ್ತೇವೆಯೇ ಹೊರತು ಬಾಣವೆನ್ನುವುದಿಲ್ಲ. ಆ ಬಾಣವನ್ನು ಮಾಡಿಕೊಟ್ಟವರಾರು ಎಂದು ಕೇಳುವ ಗೋಜಿಗೂ ಹೋಗುವುದಿಲ್ಲ.

ಆದರೆ ನಮ್ಮ ಕಾಲದ ಒಂದು ಆಟದಲ್ಲಿ ಬಾಣ ಮಾಡಿದವನೂ ಮುಂದೆ ಬಂದು ತಾನೇ ಕರ್ತೃವೆಂದು ವಾದಿಸುತ್ತಾನೆ. ಅದೇ ಮೋಟಾರ್ ಸೈಕಲ್ ಪಂದ್ಯ. “ನಾನು ಈ ಯಂತ್ರದಿಂದ ಗೆದ್ದೆನು” ಎಂದು ಸವಾರ ಹೇಳುತ್ತಾನೆ. “ನಮ್ಮ ಯಂತ್ರ ಈ ಸವಾರನಿಂದ ಗೆದ್ದಿತು” ಎಂದು ಕಾರ್ಖಾನೆಯವರು ಹೇಳುತ್ತಾರೆ. ಮಾತುಗಳು ಅವೇ; ತೃತೀಯಾ ವಿಭಕ್ತಿ ಮಾತ್ರ ಒಂದು ಪದದಿಂದ ಇನ್ನೊಂದಕ್ಕೆ ನೆಗೆದಿದೆ. ಈ ಸಣ್ಣ ನೆಗೆತದ ಹಿಂದೆ ಅಪಾರವಾದ ಹಣ, ದೇಶದೇಶಗಳ ಕಾರ್ಖಾನೆಗಳ ಮಾನ, ಎಷ್ಟೋ ಮಂದಿ ತರುಣರ ಪ್ರಾಣ ಅಡಗಿವೆ. ಆದುದರಿಂದ ಇದನ್ನು ಕೇವಲ ವ್ಯಾಕರಣದ ವಿನೋದವೆಂದು ಬಿಡುವಂತಿಲ್ಲ.

ಎರಡು ಪ್ರಶಸ್ತಿಗಳು

ಮೋಟಾರ್ ಸೈಕಲ್ ಹುಟ್ಟಿದ ಕೆಲವೇ ವರ್ಷಗಳಲ್ಲಿ ಅದರ ಪಂದ್ಯವೂ ಹುಟ್ಟಿತು. ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವೆ ಇರುವ ಮ್ಯಾನ್ ದ್ವೀಪದ ರಸ್ತೆಗಳ ಮೇಲೆ 1907ರಲ್ಲಿ ‘ಟಿ.ಟಿ.’ ಎಂದು ಹೆಸರಾದ ಪಂದ್ಯ ಮೊದಲಾಯಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1949ರಲ್ಲಿ, ಬೇರೆ ಬೇರೆ ದೇಶಗಳ ಪಂದ್ಯಗಳನ್ನು ಒಂದೇ ಲೆಕ್ಕಕ್ಕೆ ತಂದು ವಿಶ್ವ ಪ್ರಶಸ್ತಿಯನ್ನು ಏರ್ಪಡಿಸಿದರು. ಎಂಜಿನ್ನಿನ ಗಾತ್ರವನ್ನು ನೋಡಿ 125, 250, 350, 500 ಸಿ.ಸಿ. ಎಂಬ ವರ್ಗಗಳನ್ನೂ, ಪಕ್ಕದಲ್ಲಿ ತೊಟ್ಟಿಲು ಕಟ್ಟಿದ ವಾಹನಗಳಿಗೆ ಬೇರೊಂದು ವರ್ಗವನ್ನೂ ಮಾಡಿದರು. ಪ್ರತಿಯೊಂದು ಪಂದ್ಯದಲ್ಲೂ ಮೊದಲು ಬಂದವರಿಗೆ ಇಷ್ಟು, ಎರಡನೆಯವರಿಗೆ ಇಷ್ಟು ಎಂದು ಅಂಕ. ವರ್ಷದ ಕೊನೆಗೆ ಕೂಡಿ ನೋಡಿ ಹೆಚ್ಚು ಅಂಕ ಪಡೆದವರಿಗೆ ಪ್ರಶಸ್ತಿ.

ಇದರಲ್ಲಿ ಒಂದು ವಿಶೇಷವುಂಟು. ಸವಾರನಿಗೆ ಒಂದು ಪ್ರಶಸ್ತಿ, ಯಂತ್ರ ತಯಾರಿಸಿದ ಕಾರ್ಖಾನೆಗೆ ಇನ್ನೊಂದು ಪ್ರಶಸ್ತಿ. ಒಂದೇ ಓಟದ ಫಲವನ್ನು ಎರಡು ಖಾತೆಗಳಲ್ಲಿ ಬರೆದಿಡುತ್ತಾರೆ. ಎರಡೂ ಖಾತೆಗಳ ಮೊತ್ತ ಒಂದೇ ಕಡೆಗೆ ಬಿದ್ದ ವರ್ಷ ಜಗಳವಿಲ್ಲ. ಸವಾರನ ಪ್ರಶಸ್ತಿ ಒಬ್ಬರ ಪಾಲಿಗೆ, ಕಾರ್ಖಾನೆಯ ಪ್ರಶಸ್ತಿ ಇನ್ನೊಬ್ಬರ ಪಾಲಿಗೆ ಹೋದ ವರ್ಷಗಳೂ ಉಂಟು. ಆಗ ನಮ್ಮ ಪ್ರಶ್ನೆ ತಾನಾಗಿಯೇ ತಲೆಯೆತ್ತುತ್ತದೆ.

ಯಂತ್ರದ ಪಾಲು ದೊಡ್ಡದೆಂದು ಮೇಲ್ನೋಟಕ್ಕೆ ತೋರುವುದು ಸಹಜ. ಈಗಿನ ಅತ್ಯುನ್ನತ ವರ್ಗದ ಯಂತ್ರ 157 ಕಿಲೋಗ್ರಾಂಗಿಂತ ಕಡಿಮೆ ತೂಗಕೂಡದೆಂದು ನಿಯಮವಿದೆ. ಅದು ಗಂಟೆಗೆ 360 ಕಿಲೋಮೀಟರನ್ನು ಮೀರಿ ಓಡಿದ್ದುಂಟು. ಆದರೆ ಕಾರಿನಲ್ಲಿ ಕುಳಿತವನಿಗೂ ಇದನ್ನೇರಿದವನಿಗೂ ದೊಡ್ಡ ಅಂತರವಿದೆ. ಕಾರಿನ ಚಾಲಕನನ್ನು ಪಟ್ಟಿಗಳಿಂದ ಬಿಗಿದಿರುತ್ತಾರೆ. ಅವನ ದೇಹ ಅಲುಗುವುದಿಲ್ಲ. ಮೋಟಾರ್ ಸೈಕಲ್ಲಿನಲ್ಲಾದರೋ ಸವಾರನ ಮೈಯೇ ಯಂತ್ರದ ಒಂದು ಭಾಗ. ಒಟ್ಟು ತೂಕದಲ್ಲಿ ಮೂರರಲ್ಲೊಂದು ಪಾಲಿಗೆ ಹತ್ತಿರವಾದದ್ದು ಅವನದು. ತಿರುವಿನಲ್ಲಿ ಅವನು ಮೊಣಕಾಲು, ಮೊಣಕೈಗಳು ನೆಲಕ್ಕೆ ಸವರುವಷ್ಟು ಒಳಕ್ಕೆ ವಾಲುತ್ತಾನೆ. ಆ ಕ್ಷಣದಲ್ಲಿ ನೆಲಕ್ಕೂ ಗಾಲಿಗೂ ಇರುವ ಸಂಬಂಧ ಅಂಗೈಯಗಲದ ರಬ್ಬರು ಮಾತ್ರ. ಬ್ರೇಕನ್ನು ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಎಂಬುದನ್ನು ಅವನ ಬೆರಳ ತುದಿ ತೀರ್ಮಾನಿಸುತ್ತದೆ. ಇಷ್ಟೇ ಅಲ್ಲದೆ, ಯಂತ್ರ ಎಲ್ಲಿ ನಡುಗಿತು, ಎಲ್ಲಿ ಜಾರಿತು ಎಂಬುದನ್ನು ಅವನೇ ಬಂದು ಎಂಜಿನಿಯರುಗಳಿಗೆ ವಿವರಿಸಬೇಕು. ಅವನ ಮಾತು ಸ್ಪಷ್ಟವಾಗಿದ್ದರೆ ಯಂತ್ರ ಸುಧಾರಿಸುತ್ತದೆ. ಹೀಗೆ ಸವಾರನು ಯಂತ್ರವನ್ನು ಓಡಿಸುವವನಷ್ಟೇ ಅಲ್ಲ, ತಯಾರಿಸುವವರಿಗೆ ಮೇಷ್ಟರೂ ಹೌದು.

ಇಂಗ್ಲೆಂಡಿನ ಜೆಫ್ ಡ್ಯೂಕ್ ಇದಕ್ಕೆ ಹಳೆಯ ನಿದರ್ಶನ. ಅವನು 1951ರಲ್ಲಿ ನಾರ್ಟನ್ ಯಂತ್ರವನ್ನೇರಿ 350 ಮತ್ತು 500 ಸಿ.ಸಿ. ವರ್ಗಗಳೆರಡರಲ್ಲೂ ಪ್ರಶಸ್ತಿ ಗೆದ್ದ. ನಾರ್ಟನ್ನಿನ ಎಂಜಿನ್ನು ಒಂದೇ ಸಿಲಿಂಡರಿನ ಹಳೆಯ ಬಗೆಯದು. ಆದರೆ ಅದರ ಚೌಕಟ್ಟು ಬಹಳ ಚೆನ್ನಾಗಿತ್ತು, ಹೇಳಿದಂತೆ ಕೇಳುತ್ತಿತ್ತು. ಇಟಲಿಯ ಗಿಲೆರಾ ಯಂತ್ರಕ್ಕೆ ನಾಲ್ಕು ಸಿಲಿಂಡರುಗಳ ಬಲವಿತ್ತು, ಹತೋಟಿ ಸಾಲದಾಗಿತ್ತು. 1953ರಲ್ಲಿ ಡ್ಯೂಕ್ ಗಿಲೆರಾ ಕಂಪನಿಯನ್ನು ಸೇರಿ, ತನ್ನ ಅನುಭವವನ್ನು ಅವರ ಚೌಕಟ್ಟಿಗೆ ಧಾರೆಯೆರೆದ. 1953, 1954, 1955 ಮೂರು ವರ್ಷವೂ 500 ಸಿ.ಸಿ. ಪ್ರಶಸ್ತಿ ಅವನದಾಯಿತು.

ಅದೇ ಡ್ಯೂಕ್ 1955ರಲ್ಲಿ ಹಾಲೆಂಡಿನ ಆಸೆನ್ ಪಂದ್ಯದಲ್ಲಿ, ಸ್ವಂತ ಖರ್ಚಿನಿಂದ ಓಡುವ ಬಡ ಸವಾರರು ಹೆಚ್ಚು ಸಂಭಾವನೆ ಕೇಳಿ ಮುಷ್ಕರ ಹೂಡಿದಾಗ ಅವರ ಪಕ್ಷ ವಹಿಸಿದ. ಫಲವಾಗಿ ಮರುವರ್ಷ ಆರು ತಿಂಗಳು ಅವನಿಗೆ ಪಂದ್ಯದಿಂದ ಬಹಿಷ್ಕಾರವಾಯಿತು. 1956ರ ಪ್ರಶಸ್ತಿ ಕೈತಪ್ಪಿತು. ಕಾರ್ಖಾನೆಯ ದೊಡ್ಡ ಸವಾರನಾದವನು ತನಗೆ ಬೇಕಿಲ್ಲದ ಜಗಳವನ್ನು ಪರರಿಗಾಗಿ ಮೈಮೇಲೆ ಹಾಕಿಕೊಂಡ ಈ ಪ್ರಸಂಗ ನೆನೆಯತಕ್ಕದ್ದು.

ಗುಟ್ಟು ದೇಶ ದಾಟಿದ ಕಥೆ

ಸವಾರನು ಕಾರ್ಖಾನೆ ಬದಲಿಸಿದಾಗ ಅವನೊಡನೆ ಅನುಭವವೂ ಹೋಗುತ್ತದೆ. ಒಮ್ಮೆ ಅದಕ್ಕಿಂತ ಹೆಚ್ಚಿನದೂ ಹೋಯಿತು.

ಪೂರ್ವ ಜರ್ಮನಿಯ ಚೋಪೌ ಎಂಬ ಊರಿನಲ್ಲಿ ಎಂ.ಜೆಡ್. ಎಂಬ ಮೋಟಾರ್ ಸೈಕಲ್ ಕಾರ್ಖಾನೆಯಿತ್ತು. ಅಲ್ಲಿಯ ಎಂಜಿನಿಯರ್ ವಾಲ್ಟರ್ ಕಾಡನ್. ಅವನಿಗೆ ಹಣದ ಅನುಕೂಲ ಕಡಿಮೆ, ಬುದ್ಧಿಯ ಅನುಕೂಲ ಹೆಚ್ಚು. ಅವನು ಟೂ-ಸ್ಟ್ರೋಕ್ ಎಂಜಿನ್ನನ್ನು ಹಿಡಿದು ಸಾಧನೆ ಮಾಡಿದ. ಇದು ನಮಗೆ ಅಪರಿಚಿತವಾದುದಲ್ಲ; ಮೈಸೂರಿನಲ್ಲಿ 1961ರಿಂದ ತಯಾರಾದ ಜಾವಾ, ಮುಂದೆ ಅದೇ ಕಾರ್ಖಾನೆಯಿಂದ ಬಂದ ಯೆಜ್ಡಿ ಇವುಗಳ ಎಂಜಿನ್ನು ಇದೇ ಜಾತಿಯದು. ಇದರ ರಚನೆ ಸರಳ, ಖರ್ಚು ಕಡಿಮೆ. ಆದರೆ ಒಂದು ದೋಷವುಂಟು. ಉರಿದ ಹೊಗೆ ಹೊರಹೋಗುವಾಗ ಅದರೊಡನೆ ಇನ್ನೂ ಉರಿಯದ ಹೊಸ ಇಂಧನವೂ ಒಂದಿಷ್ಟು ಹೊರಕ್ಕೆ ಹರಿದುಬಿಡುತ್ತದೆ.

ಇದನ್ನು ತಡೆಯಲು ಕಾಡನ್ ಹೊಗೆಯ ಕೊಳವೆಯನ್ನೇ ಆಯುಧ ಮಾಡಿಕೊಂಡ. ಕೊಳವೆಯನ್ನು ನಡುವೆ ಉಬ್ಬಿಸಿ, ತುದಿಯಲ್ಲಿ ಕಿರಿದುಗೊಳಿಸಿದ. ಬಿಜಾಪುರದ ಗೋಲಗುಮ್ಮಟದಲ್ಲಿ ನಿಂತು ಕೂಗಿದರೆ ಧ್ವನಿ ಗೋಡೆಗೆ ತಾಕಿ ಮರಳಿ ಬರುತ್ತದಷ್ಟೆ. ಹಾಗೆಯೇ ಎಂಜಿನ್ನಿನಿಂದ ಹೊರಟ ಒತ್ತಡದ ಅಲೆ ಕೊಳವೆಯ ಕಿರಿದಾದ ತುದಿಗೆ ತಾಕಿ ಹಿಂದಿರುಗುತ್ತದೆ; ಹೊರಕ್ಕೆ ಓಡುತ್ತಿದ್ದ ಹೊಸ ಇಂಧನವನ್ನು ಮರಳಿ ಸಿಲಿಂಡರಿನೊಳಕ್ಕೆ ದೂಡುತ್ತದೆ. ಈ ಮರುದನಿ ಸರಿಯಾದ ಕ್ಷಣಕ್ಕೆ ಬರುವಂತೆ ಕೊಳವೆಯ ಉದ್ದ, ಅಗಲಗಳನ್ನು ಹೊಂದಿಸುವುದರಲ್ಲಿಯೇ ಕಲೆಯಿರುವುದು. 1961ರಲ್ಲಿ ಕಾಡನ್ನನ 125 ಸಿ.ಸಿ. ಎಂಜಿನ್ನು 25 ಕುದುರೆ ಶಕ್ತಿಯನ್ನು ಕೊಟ್ಟಿತು. ಒಂದು ಲೀಟರಿಗೆ 200 ಕುದುರೆ ಶಕ್ತಿಯ ಈ ಲೆಕ್ಕ ಅಂದಿನ ಎಂಜಿನಿಯರುಗಳನ್ನು ಬೆರಗುಗೊಳಿಸಿತು.

ಎಂ.ಜೆಡ್. ಸವಾರ ಎರ್ನ್ಸ್ಟ್ ಡೆಗ್ನರ್ ಆ ವರ್ಷ 125 ಸಿ.ಸಿ. ವರ್ಗದಲ್ಲಿ ಮುಂದಿದ್ದ. ಆದರೆ ಆಗಸ್ಟ್ 13ರಂದು ಬರ್ಲಿನ್ ನಗರವನ್ನು ಸೀಳುವ ತಡೆ ಎದ್ದಿತು. ಪೂರ್ವದಿಂದ ಪಶ್ಚಿಮಕ್ಕೆ ಹೋಗುವ ಬಾಗಿಲು ಮುಚ್ಚಿತು. ಇತ್ತ ಜಪಾನಿನ ಸುಜುಕಿ ಕಂಪನಿಗೆ ಪಂದ್ಯದಲ್ಲಿ ಯಶಸ್ಸು ಸಿಕ್ಕಿರಲಿಲ್ಲ. ಅದು ಡೆಗ್ನರನನ್ನು ಬಯಸಿತ್ತು. ಸೆಪ್ಟೆಂಬರ್ 17ರಂದು ಸ್ವೀಡನ್ನಿನ ಕ್ರಿಸ್ಟಿಯಾನ್‌ಸ್ಟಾಡ್ ಪಂದ್ಯ. ಅದೇ ವೇಳೆಗೆ ಡೆಗ್ನರನ ಹೆಂಡತಿ ಮಕ್ಕಳನ್ನು ಗುಟ್ಟಾಗಿ ಪಶ್ಚಿಮ ಜರ್ಮನಿಗೆ ಸಾಗಿಸಲಾಯಿತು. ಪಂದ್ಯದಲ್ಲಿ ಡೆಗ್ನರನ ಎಂಜಿನ್ನು ಕೆಟ್ಟಿತು. ಅವನು ಸ್ವದೇಶಕ್ಕೆ ಹಿಂದಿರುಗದೆ ಪಶ್ಚಿಮಕ್ಕೆ ಹೋದ. ಬೇಕೆಂದೇ ಎಂಜಿನ್ನನ್ನು ಕೆಡಿಸಿದನೆಂದು ಎಂ.ಜೆಡ್. ಆರೋಪಿಸಿತು. ಅರ್ಜೆಂಟೀನಾದಲ್ಲಿ ನಡೆದ ಕೊನೆಯ ಪಂದ್ಯದಲ್ಲಿ ಅವನು ಓಡಲಾಗಲಿಲ್ಲ. ಹೋಂಡಾ ಸವಾರ ಟಾಮ್ ಫಿಲಿಸ್ ಅದನ್ನು ಗೆದ್ದು ಪ್ರಶಸ್ತಿಯನ್ನೂ ಪಡೆದ.

ಮರುವರ್ಷ, 1962ರಲ್ಲಿ, ಹೊಸದಾಗಿ ಏರ್ಪಟ್ಟ 50 ಸಿ.ಸಿ. ವರ್ಗದ ವಿಶ್ವ ಪ್ರಶಸ್ತಿ ಸುಜುಕಿಯನ್ನೇರಿದ ಡೆಗ್ನರನಿಗೆ ಸಂದಿತು. ಮುಂದಿನ ವರ್ಷಗಳಲ್ಲಿ ಜಪಾನಿನ ಟೂ-ಸ್ಟ್ರೋಕ್ ಯಂತ್ರಗಳು ಜಗತ್ತನ್ನೇ ಆಳಿದವು. ಸವಾರ ಸ್ವಾತಂತ್ರ್ಯ ಪಡೆದ, ಜಪಾನಿನವರು ವಿದ್ಯೆ ಪಡೆದರು. ಆ ವಿದ್ಯೆಯನ್ನು ಕಂಡುಹಿಡಿದ ಕಾಡನ್ನನಿಗೆ ವಿಶ್ವ ಪ್ರಶಸ್ತಿ ಎಂದೂ ದೊರೆಯಲಿಲ್ಲ. ಡೆಗ್ನರನೂ ಸುಖವಾಗಿ ಬಾಳಲಿಲ್ಲ. 1963ರಲ್ಲಿ ಜಪಾನಿನ ಸುಜುಕಾ ಮೈದಾನದಲ್ಲಿ ಬಿದ್ದು, ಬೆಂಕಿಯಲ್ಲಿ ಬಹಳವಾಗಿ ಬೆಂದ. ಆ ಮೈದಾನದ ಒಂದು ತಿರುವಿಗೆ ಇಂದಿಗೂ ಅವನ ಹೆಸರಿದೆ.

ಸರಿಸಮ ಅಂಕ, ಸರಿಸಮ ಗೆಲುವು

ಇದೇ ಕಾಲದಲ್ಲಿ ದೊಡ್ಡ ವರ್ಗದ ಸಿಂಹಾಸನ ಇಟಲಿಯ ಎಂ.ವಿ. ಆಗುಸ್ತಾ ಕಂಪನಿಯದಾಗಿತ್ತು. 1957ರ ಕೊನೆಯಲ್ಲಿ ಗಿಲೆರಾ, ಮೋಟೋ ಗುಝಿ ಮೊದಲಾದ ಇಟಲಿಯ ಕಾರ್ಖಾನೆಗಳು ಖರ್ಚು ತಾಳಲಾರದೆ ಕಣ ಬಿಟ್ಟವು. 1958ರಿಂದ 1974ರವರೆಗೆ ಹದಿನೇಳು ವರ್ಷ 500 ಸಿ.ಸಿ. ಸವಾರ ಪ್ರಶಸ್ತಿ ಎಂ.ವಿ. ಏರಿದವರಿಗೇ ಸಂದಿತು. ಇಂಗ್ಲೆಂಡಿನ ಮೈಕ್ ಹೇಲ್‌ವುಡ್ 1962ರಿಂದ 1965ರವರೆಗೆ ನಾಲ್ಕು ಸಲ ಅದನ್ನು ಗೆದ್ದ.

ಗೆಲುವು ಯಂತ್ರದ್ದೋ ಹೇಲ್‌ವುಡ್ಡನದೋ ಎಂಬುದನ್ನು ಒರೆಗೆ ಹಚ್ಚುವ ಸಂದರ್ಭ 1966ರಲ್ಲಿ ಬಂತು. ಅವನು ಎಂ.ವಿ.ಯನ್ನು ಬಿಟ್ಟು ಹೋಂಡಾವನ್ನು ಸೇರಿದ. ಹೋಂಡಾ ಮ್ಯಾನ್ ದ್ವೀಪಕ್ಕೆ ಮೊದಲು ಬಂದದ್ದು 1959ರಲ್ಲಿ. ಏಳು ವರ್ಷದೊಳಗೆ ಅದು ಜಗತ್ತಿನ ಅಗ್ರಗಣ್ಯ ಕಾರ್ಖಾನೆಯಾಗಿ ಬೆಳೆದಿತ್ತು. 1966ರಲ್ಲಿ 50, 125, 250, 350, 500 ಸಿ.ಸಿ. ಐದೂ ವರ್ಗಗಳ ಕಾರ್ಖಾನೆ ಪ್ರಶಸ್ತಿಗಳನ್ನು ಹೋಂಡಾ ಬಾಚಿಕೊಂಡಿತು. ಆದರೆ 500 ಸಿ.ಸಿ. ವರ್ಗದ ಸವಾರ ಪ್ರಶಸ್ತಿ ಎಂ.ವಿ.ಯನ್ನೇರಿದ ಇಟಲಿಯ ತರುಣ ಜಾಕೊಮೊ ಆಗೊಸ್ತಿನಿಯ ಪಾಲಾಯಿತು. ಎರಡು ಖಾತೆಗಳು ಎರಡು ಉತ್ತರ ಹೇಳಿದವು.

1967ರಲ್ಲಿ ಇಬ್ಬರ ಹೋರಾಟ ಶಿಖರ ಮುಟ್ಟಿತು. ಹೋಂಡಾ ಯಂತ್ರಕ್ಕೆ ಬಲ ಹೆಚ್ಚು, ಹತೋಟಿ ಕಡಿಮೆ; ಎಂ.ವಿ.ಗೆ ಬಲ ಸ್ವಲ್ಪ ಕಡಿಮೆಯಾದರೂ ನಡೆ ನಯವಾದದ್ದು. ಮ್ಯಾನ್ ದ್ವೀಪದ ಒಂದು ಸುತ್ತು ಸುಮಾರು 60 ಕಿಲೋಮೀಟರು. ಹೇಲ್‌ವುಡ್ ಒಂದು ಸುತ್ತನ್ನು ಗಂಟೆಗೆ 175 ಕಿಲೋಮೀಟರ್ ವೇಗದಲ್ಲಿ ಮುಗಿಸಿದ. ಆ ದಾಖಲೆ 1975ರವರೆಗೆ ಅಳಿಯಲಿಲ್ಲ. ಆ ಪಂದ್ಯದಲ್ಲಿ ಹೋಂಡಾದ ವೇಗದ ಹಿಡಿಯೇ ಸಡಿಲವಾಗಿತ್ತು. ನಡುವೆ ನಿಂತಾಗ ಅದನ್ನು ಸುತ್ತಿಗೆಯಿಂದ ಬಡಿದು ಕೂರಿಸಿಕೊಂಡು ಮುಂದುವರಿದ. ಅಷ್ಟರಲ್ಲಿ ಆಗೊಸ್ತಿನಿಯ ಯಂತ್ರದ ಚೈನು ಕಡಿಯಿತು, ಗೆಲುವು ಹೇಲ್‌ವುಡ್ಡನದಾಯಿತು. ಇಟಲಿಯ ಮೊಂಜಾದಲ್ಲಿ ಇದಕ್ಕೆ ವಿರುದ್ಧವಾಯಿತು. ಹೇಲ್‌ವುಡ್ ಮುಂದಿದ್ದ, ಇನ್ನು ಕೆಲವೇ ಸುತ್ತುಗಳಿರುವಾಗ ಗೇರು ಕೈಕೊಟ್ಟಿತು, ಆಗೊಸ್ತಿನಿ ಗೆದ್ದ.

ಹತ್ತು ಪಂದ್ಯಗಳಲ್ಲಿ ಉತ್ತಮವಾದ ಆರನ್ನು ಮಾತ್ರ ಎಣಿಸುವುದು ಆಗಿನ ನಿಯಮ. ಗೆದ್ದವನಿಗೆ 8 ಅಂಕ, ಎರಡನೆಯವನಿಗೆ 6. ಇಬ್ಬರಿಗೂ ಐದೈದು ಗೆಲುವು, ಒಂದೊಂದು ಎರಡನೆಯ ಸ್ಥಾನ ಲೆಕ್ಕಕ್ಕೆ ಬಂದು 46-46 ಅಂಕಗಳಾದವು. ಆಗ ಲೆಕ್ಕದಿಂದ ಹೊರಗಿಟ್ಟ ಪಂದ್ಯಗಳನ್ನು ತೆರೆದು ನೋಡಿದರು. ಎರಡನೆಯ ಸ್ಥಾನಗಳು ಆಗೊಸ್ತಿನಿಗೆ ಮೂರು, ಹೇಲ್‌ವುಡ್ಡನಿಗೆ ಎರಡು. ಪ್ರಶಸ್ತಿ ಆಗೊಸ್ತಿನಿಗೆ ಹೋಯಿತು. ವಿಚಿತ್ರವೆಂದರೆ ಅದೇ ವರ್ಷ 250 ಸಿ.ಸಿ. ವರ್ಗದಲ್ಲಿ ಹೇಲ್‌ವುಡ್ಡನೂ ಯಮಾಹಾ ಸವಾರ ಫಿಲ್ ರೀಡನೂ 50-50 ಅಂಕಗಳಲ್ಲಿ ಸರಿಸಮವಾದರು. ಅಲ್ಲಿ ಒಂದು ಗೆಲುವು ಹೆಚ್ಚಾಗಿದ್ದುದರಿಂದ ಹೇಲ್‌ವುಡ್ಡನಿಗೆ ಪ್ರಶಸ್ತಿ ದೊರೆಯಿತು. ತಕ್ಕಡಿಯ ಒಂದು ತಟ್ಟೆ ಕಿತ್ತುಕೊಂಡದ್ದನ್ನು ಇನ್ನೊಂದು ತಟ್ಟೆ ಕೊಟ್ಟಿತು.

ಇದಾದ ಮೇಲೆ ಹೋಂಡಾ ಪಂದ್ಯದಿಂದ ಹಿಂದೆ ಸರಿಯಿತು. ಆದರೆ ಹೇಲ್‌ವುಡ್ಡನನ್ನು ಬಿಡಲಿಲ್ಲ. 1968ರಲ್ಲಿ ಬೇರೆ ಯಾವ ಕಂಪನಿಯ ಯಂತ್ರವನ್ನೂ ಏರಿ ವಿಶ್ವ ಪ್ರಶಸ್ತಿಗೆ ಓಡಬಾರದೆಂದು ದೊಡ್ಡ ಮೊತ್ತ ಕೊಟ್ಟಿತು. ಓಡುವುದಕ್ಕೆ ಸಂಬಳ ಕೊಡುವುದು ಲೋಕರೂಢಿ. ಇಲ್ಲಿ ಓಡದಿರುವುದಕ್ಕೆ ಸಂಬಳ! ಗೆಲ್ಲುವುದು ಯಂತ್ರವೇ ಆಗಿದ್ದರೆ ಸವಾರನೊಬ್ಬ ಎದುರಾಳಿಯ ಮನೆಗೆ ಹೋದರೆ ಹೆದರಿಕೆ ಏತಕ್ಕೆ? ಕಾರ್ಖಾನೆ ಬಾಯಿಂದ ಹೇಳದ ಮಾತನ್ನು ಹಣದ ಥೈಲಿಯಿಂದ ಹೇಳಿತು.

ಆಜ್ಞೆಯನ್ನು ಮೀರಿದವನು

ಒಂದೇ ಕಾರ್ಖಾನೆಯ ಇಬ್ಬರು ಸವಾರರ ನಡುವಣ ಸ್ಪರ್ಧೆ ಇದಕ್ಕಿಂತ ಕಠಿಣ. ಅಲ್ಲಿ ಯಂತ್ರವನ್ನು ದೂರುವಂತಿಲ್ಲ. 1968ರಲ್ಲಿ ಯಮಾಹಾದಲ್ಲಿ ಫಿಲ್ ರೀಡ್ ಮತ್ತು ಬಿಲ್ ಐವಿ ಎಂಬ ಇಬ್ಬರಿದ್ದರು. ಹೋಂಡಾ ಇಲ್ಲದ ಕಣ; ಎದುರಿಗೆ ಯಾರೂ ನಿಲ್ಲುವಂತಿರಲಿಲ್ಲ. ಅಣ್ಣತಮ್ಮಂದಿರಿಗೆ ಹೊಲ ಹಂಚಿಕೊಟ್ಟಂತೆ ಕಂಪನಿಯು 125 ಸಿ.ಸಿ. ಪ್ರಶಸ್ತಿ ರೀಡನಿಗೆ, 250 ಸಿ.ಸಿ. ಪ್ರಶಸ್ತಿ ಐವಿಗೆ ಎಂದು ಹಂಚಿತು. ರೀಡ್ ತನ್ನ ಪಾಲನ್ನು ಗೆದ್ದುಕೊಂಡ. ಅನಂತರ ಹಂಚಿಕೆಯನ್ನು ಒಪ್ಪೆನೆಂದು 250 ಸಿ.ಸಿ.ಗೂ ಕೈಹಾಕಿದ. ಕೊನೆಗೆ ಅಂಕದಲ್ಲಿ, ಗೆಲುವಿನಲ್ಲಿ, ಎರಡನೆಯ ಸ್ಥಾನದಲ್ಲಿ ಇಬ್ಬರೂ ಸಮನಾದರು. ಇಬ್ಬರೂ ಮುಗಿಸಿದ ಪಂದ್ಯಗಳ ಕಾಲವನ್ನು ಕೂಡಿಸಿ ನೋಡಿ ಪ್ರಶಸ್ತಿಯನ್ನು ರೀಡನಿಗೆ ಕೊಟ್ಟರು.

ರೀಡ್ ಮಾಡಿದ್ದು ಸರಿಯೇ? ಕೊಟ್ಟ ಮಾತಿಗೆ ತಪ್ಪಿದನೆಂದು ಕೆಲವರು. ಪಂದ್ಯವೆಂದರೆ ಪಂದ್ಯ, ಗೆಲುವನ್ನು ಕಚೇರಿಯಲ್ಲಿ ಕುಳಿತು ಹಂಚುವುದೇ ತಪ್ಪೆಂದು ಕೆಲವರು. ಎರಡು ಕಡೆಗೂ ನ್ಯಾಯವುಂಟು. ಯಮಾಹಾ ಮತ್ತೆ ಅವನಿಗೆ ಕಾರ್ಖಾನೆಯ ಯಂತ್ರ ಕೊಡಲಿಲ್ಲ. 1971ರಲ್ಲಿ ಅವನು ಖಾಸಗಿಯಾಗಿ ಸಿದ್ಧಪಡಿಸಿದ ಯಮಾಹಾ ಯಂತ್ರವನ್ನೇರಿಯೇ 250 ಸಿ.ಸಿ. ಪ್ರಶಸ್ತಿಯನ್ನು ಮತ್ತೆ ಗೆದ್ದ. ಐವಿಯ ಗತಿ ದುಃಖಕರ. ಮನನೊಂದು ಮೋಟಾರ್ ಸೈಕಲ್ ಪಂದ್ಯವನ್ನೇ ಬಿಟ್ಟಿದ್ದ ಅವನು 1969ರಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಕರೆಗೆ ಓಗೊಟ್ಟು ಮರಳಿ ಬಂದ. ನಮ್ಮ ಮೈಸೂರಿನ ಕಾರ್ಖಾನೆಗೆ ಹೆಸರು ಕೊಟ್ಟ ಜಾವಾ ಇದೇ. ಆ ವರ್ಷ ಜುಲೈ 12ರಂದು ಪೂರ್ವ ಜರ್ಮನಿಯ ಸಾಕ್ಸನ್‌ರಿಂಗ್ ಮೈದಾನದಲ್ಲಿ ಅಭ್ಯಾಸದ ಓಟದಲ್ಲಿ ಎಂಜಿನ್ನು ಹಿಡಿದುಕೊಂಡು, ಐವಿ ಬಿದ್ದು ತೀರಿಕೊಂಡ.

ಇಂಥ ಸಾವುಗಳು ಆ ಕಾಲದಲ್ಲಿ ಅಪರೂಪವಾಗಿರಲಿಲ್ಲ. ಡೆಗ್ನರನ ಕೈತಪ್ಪಿದ ಪ್ರಶಸ್ತಿಯನ್ನು ಪಡೆದ ಟಾಮ್ ಫಿಲಿಸ್ ಮರುವರ್ಷವೇ ಮ್ಯಾನ್ ದ್ವೀಪದಲ್ಲಿ ಮಡಿದ. 1972ರಲ್ಲಿ ಅದೇ ದ್ವೀಪದಲ್ಲಿ ಗೆಳೆಯ ಜಿಲ್ಬರ್ಟೊ ಪಾರ್ಲೊಟ್ಟಿ ಸತ್ತಾಗ ಆಗೊಸ್ತಿನಿ ಇನ್ನೆಂದಿಗೂ ಅಲ್ಲಿ ಓಡೆನೆಂದ. ಇತರ ಸವಾರರೂ ಒಬ್ಬೊಬ್ಬರಾಗಿ ಹಿಂದೆಗೆದರು. 1976ರ ತರುವಾಯ ಆ ಪಂದ್ಯವನ್ನು ವಿಶ್ವ ಪ್ರಶಸ್ತಿಯ ಲೆಕ್ಕದಿಂದ ಕೈಬಿಡಬೇಕಾಯಿತು. ಸವಾರರು ಒಗ್ಗೂಡಿ ಒಲ್ಲೆವೆಂದರೆ ಎಂಥ ಯಂತ್ರವೂ ನಿಂತಲ್ಲಿಂದ ಕದಲುವುದಿಲ್ಲವೆಂಬುದು ಆಗ ಸ್ಪಷ್ಟವಾಯಿತು.

ರೊಸ್ಸಿಯ ಪಣ

ಈ ಹಳೆಯ ವಾದವನ್ನು ಹೊಸ ಶತಮಾನದಲ್ಲಿ ಮತ್ತೆ ಬೀದಿಗೆ ತಂದವನು ಇಟಲಿಯ ವಲೆಂಟಿನೊ ರೊಸ್ಸಿ. 2001, 2002, 2003 ಮೂರು ವರ್ಷವೂ ಅವನು ಹೋಂಡಾವನ್ನೇರಿ ಅತ್ಯುನ್ನತ ಪ್ರಶಸ್ತಿಯನ್ನು ಗೆದ್ದ. ಆದರೆ ಹೋಂಡಾ ಯಂತ್ರವನ್ನು ಯಾರು ಏರಿದರೂ ಗೆಲ್ಲುತ್ತಾರೆಂಬ ಮಾತು ಹಬ್ಬಿತ್ತು. ಕಂಪನಿಯಲ್ಲಿ ಯಂತ್ರಕ್ಕೆ ಸಲ್ಲುವ ಮನ್ನಣೆ ತನಗೆ ಸಲ್ಲುತ್ತಿಲ್ಲವೆಂಬುದು ರೊಸ್ಸಿಯ ಕೊರಗು. 2003ರ ಕೊನೆಗೆ ಅವನು ಯಮಾಹಾಕ್ಕೆ ಹೊರಟ. ಯಮಾಹಾ ಆ ವರ್ಷ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಸವಾರ ಪ್ರಶಸ್ತಿ ಕಂಡು ಹನ್ನೊಂದು ವರ್ಷವಾಗಿತ್ತು. ಒಪ್ಪಂದದ ಅವಧಿ ಮುಗಿಯುವವರೆಗೆ ಹೊಸ ಯಂತ್ರವನ್ನು ಮುಟ್ಟಿ ನೋಡಲು ಹೋಂಡಾ ಬಿಡಲಿಲ್ಲ. 2004ರ ಜನವರಿಯಲ್ಲಿ ಮೊದಲು ಏರಿದ. ಏಪ್ರಿಲ್ 18ರಂದು ದಕ್ಷಿಣ ಆಫ್ರಿಕದ ವೆಲ್ಕಮ್ ಎಂಬಲ್ಲಿ ಮೊದಲ ಪಂದ್ಯ. ಹೋಂಡಾ ಏರಿದ ಮ್ಯಾಕ್ಸ್ ಬಿಯಾಜಿಯೊಡನೆ ಕೊನೆಯವರೆಗೂ ಹೋರಾಡಿ, ಒಂದು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಅಂತರದಿಂದ ಗೆದ್ದ. ಗೆದ್ದವನು ದಾರಿಯ ಪಕ್ಕದಲ್ಲಿ ನಿಂತು ಯಂತ್ರವನ್ನು ಮುತ್ತಿಟ್ಟ.

ಆ ವರ್ಷದ 16 ಪಂದ್ಯಗಳಲ್ಲಿ ರೊಸ್ಸಿ 9 ಗೆದ್ದು ಪ್ರಶಸ್ತಿ ಪಡೆದ. ಉಳಿದ 7 ಪಂದ್ಯಗಳು ಹೋಂಡಾ ಸವಾರರವು. ಕಾರ್ಖಾನೆ ಪ್ರಶಸ್ತಿ ಹೋಂಡಾಕ್ಕೇ ಹೋಯಿತು. ಅತ್ಯುತ್ತಮ ಯಂತ್ರ ಇಲ್ಲಿ, ಅತ್ಯುತ್ತಮ ಸವಾರ ಅಲ್ಲಿ ಎಂದು ಎರಡು ಖಾತೆಗಳೂ ಸೇರಿ ಸಾಕ್ಷಿ ನುಡಿದವು.

ಹಾಗಾದರೆ ವಾದ ಮುಗಿಯಿತೇ? ಇಲ್ಲ. ರೊಸ್ಸಿ ಯಮಾಹಾಕ್ಕೆ ಬರಿಗೈಯಲ್ಲಿ ಹೋಗಲಿಲ್ಲ. ಹೋಂಡಾದಲ್ಲಿ ಅವನ ಯಂತ್ರವನ್ನು ನೋಡಿಕೊಳ್ಳುತ್ತಿದ್ದ ಆಸ್ಟ್ರೇಲಿಯದ ಜೆರೆಮಿ ಬರ್ಜೆಸ್ ಜೊತೆಗೆ ಹೋದ. ಅಲ್ಲಿ ಮಸಾವೊ ಫುರುಸಾವಾ ಎಂಬ ಎಂಜಿನಿಯರ್ ಎಂಜಿನ್ನಿನ ಒಳರಚನೆಯನ್ನೇ ಬದಲಿಸಿ, ನಾಲ್ಕು ಸಿಲಿಂಡರುಗಳ ಸಿಡಿತದ ಲಯವನ್ನು ಮಾರ್ಪಡಿಸಿದ್ದ; ಹಿಂದಿನ ಗಾಲಿ ನೆಲವನ್ನು ಹಿಡಿಯುವುದನ್ನು ಸವಾರನು ಚೆನ್ನಾಗಿ ಅರಿಯುವಂತಾಗಿತ್ತು. ಇನ್ನೂ ಬಲವಾದ ಪ್ರತಿಸಾಕ್ಷಿ ಮುಂದೆ ಬಂತು. 2011ರಲ್ಲಿ ಅದೇ ರೊಸ್ಸಿ ಇಟಲಿಯ ಡುಕಾಟಿ ಕಂಪನಿಯನ್ನು ಸೇರಿದ. ಇಟಲಿಯ ಸವಾರ, ಇಟಲಿಯ ಯಂತ್ರ; ದೇಶವೆಲ್ಲ ಹಿಗ್ಗಿತು. ಎರಡು ವರ್ಷದಲ್ಲಿ ಒಂದು ಪಂದ್ಯವೂ ಗೆಲ್ಲಲಿಲ್ಲ. ಹಿಂದೆ, 2007ರಲ್ಲಿ, ಆಸ್ಟ್ರೇಲಿಯದ ಕೇಸಿ ಸ್ಟೋನರ್ ಡುಕಾಟಿಯನ್ನೇರಿಯೇ ಹತ್ತು ಪಂದ್ಯ ಗೆದ್ದು ಪ್ರಶಸ್ತಿ ಪಡೆದಿದ್ದ. ಒಬ್ಬನಿಗೆ ಒಲಿದ ಕುದುರೆ ಇನ್ನೊಬ್ಬನಿಗೆ ಒಲಿಯಲಿಲ್ಲ.

ಮುರಿದ ತೋಳು

ತೀರ ಈಚಿನ ನಿದರ್ಶನ ಸ್ಪೇನಿನ ಮಾರ್ಕ್ ಮಾರ್ಕೆಸನದು. 2013ರಿಂದ 2019ರವರೆಗೆ ಹೋಂಡಾವನ್ನೇರಿ ಆರು ಸಲ ಪ್ರಶಸ್ತಿ ಗೆದ್ದವನು. 2020ರ ಜುಲೈ 19ರಂದು ಸ್ಪೇನಿನ ಹೆರೆಸ್ ಎಂಬಲ್ಲಿ ಬಿದ್ದು ಬಲತೋಳಿನ ಎಲುಬು ಮುರಿಯಿತು. ಶಸ್ತ್ರಕ್ರಿಯೆಯಾದ ಕೆಲವೇ ದಿನಗಳಲ್ಲಿ ಮತ್ತೆ ಯಂತ್ರವೇರಿ ನೋಡಿದ. ಕೂಡಿಸಿದ್ದ ಎಲುಬು ಕೆಟ್ಟಿತು. 2022ರೊಳಗೆ ಆ ಒಂದು ತೋಳಿಗೆ ನಾಲ್ಕು ಶಸ್ತ್ರಕ್ರಿಯೆಗಳಾದವು. ಈ ನಡುವೆ ಹೋಂಡಾ ಯಂತ್ರವೂ ಹಿಂದೆ ಬಿತ್ತು. 2023ರ ಕೊನೆಯಲ್ಲಿ, ಒಪ್ಪಂದಕ್ಕೆ ಇನ್ನೊಂದು ವರ್ಷವಿರುವಾಗಲೇ, ಅವನು ಹೋಂಡಾವನ್ನು ಬಿಟ್ಟು ಒಂದು ಸಣ್ಣ ತಂಡದಲ್ಲಿ ಹಿಂದಿನ ವರ್ಷದ ಡುಕಾಟಿಯನ್ನೇರಿದ. 2024ರಲ್ಲಿ ಮೂರು ಪಂದ್ಯ ಗೆದ್ದ. 2025ರಲ್ಲಿ ಡುಕಾಟಿ ಕಾರ್ಖಾನೆಯ ತಂಡಕ್ಕೇ ಸೇರಿ 11 ಮುಖ್ಯ ಪಂದ್ಯ ಗೆದ್ದು, ಸೆಪ್ಟೆಂಬರ್ 28ರಂದು ಜಪಾನಿನ ಮೊಟೆಗಿಯಲ್ಲಿ ಪ್ರಶಸ್ತಿಯನ್ನು ಖಚಿತಪಡಿಸಿಕೊಂಡ. ಮೊಟೆಗಿ ಮೈದಾನ ಹೋಂಡಾ ಕಟ್ಟಿಸಿದ್ದು. ಹಳೆಯ ಯಜಮಾನನ ಅಂಗಳದಲ್ಲೇ ಹೊಸ ಯಜಮಾನನ ಪತಾಕೆ ಏರಿತು.

ಇಲ್ಲಿಯೂ ಎರಡು ಮಾತುಂಟು. 2024ರ 20 ಪಂದ್ಯಗಳಲ್ಲಿ 19ನ್ನು ಡುಕಾಟಿ ಯಂತ್ರಗಳೇ ಗೆದ್ದಿದ್ದವು. ಆದುದರಿಂದ ಯಂತ್ರವೇ ದೊಡ್ಡದೆನ್ನಬಹುದು. ಆದರೆ 2025ರಲ್ಲಿ ಮಾರ್ಕೆಸನ ಜೊತೆಗೇ ಅದೇ ತಂಡದಲ್ಲಿದ್ದ ಫ್ರಾಂಚೆಸ್ಕೊ ಬನ್ಯಾಯ, 2022 ಮತ್ತು 2023ರ ಪ್ರಶಸ್ತಿವಂತ, ಗೆದ್ದದ್ದು ಎರಡೇ ಮುಖ್ಯ ಪಂದ್ಯ. ಕಾರ್ಖಾನೆಗಳ ಬಲಾಬಲ ಮಿತಿಮೀರಿದರೆ ಆಟವೇ ಕೆಡುತ್ತದೆಂದು ಆಡಳಿತದವರು ಒಂದು ಉಪಾಯ ಮಾಡಿದ್ದಾರೆ. ಹಿಂದಿನ ಫಲಿತಾಂಶವನ್ನು ನೋಡಿ ಕಾರ್ಖಾನೆಗಳನ್ನು ನಾಲ್ಕು ದರ್ಜೆ ಮಾಡಿ, ಹಿಂದುಳಿದವರಿಗೆ ಹೆಚ್ಚು ಪರೀಕ್ಷಾ ಓಟ, ಹೆಚ್ಚು ಎಂಜಿನ್ನುಗಳ ಸೌಲಭ್ಯ ಕೊಡುತ್ತಾರೆ. ತರಗತಿಯಲ್ಲಿ ಹಿಂದೆ ಬಿದ್ದ ಹುಡುಗನಿಗೆ ಸಂಜೆ ಹೆಚ್ಚು ಪಾಠ ಹೇಳಿದಂತೆ.

ನಮ್ಮ ದೇಶವೂ ಈ ಸ್ಪರ್ಧೆಯನ್ನು 2023ರ ಸೆಪ್ಟೆಂಬರ್ 24ರಂದು ಕಣ್ಣಾರೆ ಕಂಡಿತು. ದೆಹಲಿಗೆ ಹತ್ತಿರದ ಗ್ರೇಟರ್ ನೋಯ್ಡಾದಲ್ಲಿ ಮಾರ್ಕೊ ಬೆಜೆಕಿ ಗೆದ್ದ. ಅವನು ಏರಿದ್ದು ಡುಕಾಟಿ. ಅವನ ತಂಡದ ಒಡೆಯ ಆ ವೇಳೆಗೆ ನಿವೃತ್ತನಾಗಿದ್ದ ರೊಸ್ಸಿಯೇ. ಹಿಂದೆ ಯಂತ್ರದವರೊಡನೆ ಮನ್ನಣೆಗಾಗಿ ಹೋರಾಡಿದ ಸವಾರ ಈಗ ಸವಾರರನ್ನು ನೇಮಿಸುವ ಯಜಮಾನನಾಗಿದ್ದಾನೆ.

ಭಾರತದಲ್ಲಿ ಯುದ್ಧ ಮುಗಿದ ಮೇಲಿನ ಒಂದು ಕಥೆ ನಮ್ಮ ಜನಕ್ಕೆ ಗೊತ್ತು. ಕೃಷ್ಣನು ಅರ್ಜುನನನ್ನು ಮೊದಲು ರಥದಿಂದ ಇಳಿಸಿ, ಬಳಿಕ ತಾನಿಳಿದ. ಇಳಿದೊಡನೆ ರಥ ಉರಿದು ಬೂದಿಯಾಯಿತು. ಗೆದ್ದವನು ತಾನೊಬ್ಬನೇ ಎಂದು ಬಿಲ್ಲಾಳು ತಿಳಿಯದಿರಲೆಂದು ಹೇಳಿದ ಕಥೆಯದು. ಸವಾರರು ಇದನ್ನು ನೆನಪಿಡುವುದು ಒಳ್ಳೆಯದು. ಚೈನು ಕಡಿದಾಗ, ಗೇರು ಕೈಕೊಟ್ಟಾಗ ಶೂರನೂ ಕಾಲಾಳಾಗುತ್ತಾನೆ. ಕಾಡನ್, ಫುರುಸಾವಾ ಅಂಥವರಿಲ್ಲದೆ ಡೆಗ್ನರ್, ರೊಸ್ಸಿ ಅಂಥವರಿಲ್ಲ.

ಆದರೂ ಕರ್ತೃಪದವನ್ನು ಯಾರಿಗೆ ಕೊಡುವಿರೆಂದು ಒತ್ತಾಯಿಸಿ ಕೇಳಿದರೆ ನಾನು ಸವಾರನಿಗೇ ಕೊಡುತ್ತೇನೆ. ಕಾರಣ ಇಷ್ಟೆ. ಎಂಜಿನ್ನು ಕೆಟ್ಟರೆ ಕಾರ್ಖಾನೆ ಮರುದಿನ ಇನ್ನೊಂದನ್ನು ಜೋಡಿಸಿ ಕಳುಹಿಸುತ್ತದೆ. ನಷ್ಟವಾದರೆ ಕಂಪನಿ ಕಣ ಬಿಟ್ಟು ಹೋಗಿ, ಅನುಕೂಲವಾದಾಗ ಮರಳಿ ಬರುತ್ತದೆ. ಹೋಂಡಾ ಹೋಗಿ ಬಂದಿತು, ಯಮಾಹಾ ಹೋಗಿ ಬಂದಿತು. ಐವಿ ಮರಳಿ ಬರಲಿಲ್ಲ, ಫಿಲಿಸ್ ಮರಳಿ ಬರಲಿಲ್ಲ. ಮಾರ್ಕೆಸನ ತೋಳಿಗೆ ಬದಲಿ ಭಾಗ ಯಾವ ಉಗ್ರಾಣದಲ್ಲೂ ಇರಲಿಲ್ಲ. ಯಾರ ಮೈಯಿಂದ ರಕ್ತ ಸುರಿಯುತ್ತದೆಯೋ ಅವನು ಕರ್ತೃ. ಉಳಿದುದೆಲ್ಲ, ಎಷ್ಟೇ ಅದ್ಭುತವಾಗಿರಲಿ, ಕರಣ. ಹೀಗೆಂದು ಕರಣವನ್ನು ಮರೆತರೆ ವಾಕ್ಯ ಪೂರ್ಣವಾಗುವುದಿಲ್ಲ. ಅದಕ್ಕಾಗಿಯೇ 1949ರಲ್ಲಿ ಎರಡು ಖಾತೆಗಳನ್ನು ತೆರೆದವರು ಬುದ್ಧಿವಂತರು.